ಬಾಗಿಲ ಪಡಿಯಲ್ಲಿ ಎದ್ದ ಗರಗಸ

ಇವತ್ತು ಮಾಡಿದ ಕೆಲಸ ಇಷ್ಟು. ನಸುಕಿಗೆ ನಳ ಬಂತು, ಹಂಡೆ ಕೊಡ ಎಲ್ಲ ತುಂಬಿಸಿದೆ. ಅಂಗಳ ಗುಡಿಸಿ ನೀರು ಹೊಡೆದೆ. ರೊಟ್ಟಿ ಬಡಿದೆ, ಪುಂಡಿಪಲ್ಲೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಅತ್ತೆಯವರ ಕನ್ನಡಕದ ಕಡ್ಡಿ ಸಡಿಲಾಗಿತ್ತು, ದಾರ ಸುತ್ತಿ ಬಿಗಿ ಮಾಡಿದೆ. ನಮ್ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಪಡಸಾಲೆಯ ಮೂಲೆಮೂಲೆಯಲ್ಲಿ ಕೂತಿದ್ದ ಕಟ್ಟಿಗೆಯ ಹೊಟ್ಟನ್ನು ಬಳಿದು ಚೀಲಕ್ಕೆ ತುಂಬಿದೆ. ಕೊನೆಗೆ, ಗರಗಸದ ಮಷಿನ್ನಿನ ಹಿಡಿಕೆಗೆ ಬಿಗಿದಿದ್ದ ನನ್ನ ಒಳಲಂಗದ ಲಾಡಿಯನ್ನು ಬಿಚ್ಚಿ, ಒಗೆದು, ತಂತಿಯ ಮೇಲೆ ಒಣಹಾಕಿದೆ.

ಗರಗಸಕ್ಕೂ ಲಂಗದ ಲಾಡಿಗೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ನನಗೆ ನೆಟ್ಟಗೆ ಉತ್ತರ ಕೊಟ್ಟು ಗೊತ್ತಿಲ್ಲ. ನಮ್ಮನೆಯವರು ಹೇಳುವಂತೆ, ಉಪ್ಪು ಎಲ್ಲಿದೆ ಅಂದರೆ ನಾನು ಉಪ್ಪಿನ ಡಬ್ಬಿ ಯಾವ ಜಾತ್ರೆಯಲ್ಲಿ ಕೊಂಡದ್ದು ಅನ್ನುವುದರಿಂದ ಶುರು ಮಾಡುತ್ತೇನಂತೆ. ಹಾಗಾಗಿ ಸ್ವಲ್ಪ ತಡೆದುಕೊಳ್ಳಿ.

ನಮ್ಮನೆಯವರಿಗೆ ಬಸವಕಲ್ಯಾಣದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ಶರಣರು, ತೀರಿಹೋದ ಹಿರಿಯರು, ಮದುವೆಯಾದ ಹೊಸಬರು, ಎಲ್ಲರೂ ಅವರ ಕೈಯಿಂದಲೇ ಗೋಡೆಗೇರುವುದು. ಕಟ್ಟಿನ ಪಟ್ಟಿ ಬೇಗ ಬೇಗ ಕೊಯ್ಯಬಹುದು ಅಂತ ಎರಡು ವರ್ಷದ ಕೆಳಗೆ ಒಂದು ಕರೆಂಟಿನ ಗರಗಸ ತಂದರು. ಕೈಯಲ್ಲಿ ಹಿಡಿದು ನೂಕುವಂಥದ್ದು, ಗುಂಡನೆಯ ಅಲಗಿನದು. ಊರಿನ ಮರಗೆಲಸದ ಮಿಸ್ತ್ರಿಗಳು ಅದಕ್ಕೆ ಬರೀ ಕಟರ್ ಅನ್ನುತ್ತಾರೆ. ಮೊದಲ ದಿನ ಸ್ವಿಚ್ಚು ಒತ್ತಿದರು. ಅದು ಕಿರುಚಿದ ರೀತಿಗೆ ಇವರು ಒಂದು ಹೆಜ್ಜೆ ಹಿಂದೆ ಸರಿದರು, ಅದು ಒಂದು ಹೆಜ್ಜೆ ಮುಂದೆ ಬಂತು. ಅವತ್ತೇ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ನೂಕಿದರು. ಯಾರಾದರೂ ಕೇಳಿದರೆ, "ನಾಜೂಕಿನ ಕೆಲಸಕ್ಕ ಕೈಗರಗಸನೇ ಚಲೋ" ಅನ್ನುತ್ತಿದ್ದರು. ನಾನು ಕಸ ಗುಡಿಸುವಾಗೆಲ್ಲ ಅದಕ್ಕೆ ಪೊರಕೆ ತಾಗಿ ಒಳಗಿಂದ ಟಣ್ ಅನ್ನುತ್ತಿತ್ತು, ನಾನೂ ಇದ್ದೇನೆ ಅಂದ ಹಾಗೆ.

ಇನ್ನು ಅತ್ತೆಯವರು. ಅವರ ಹೆಸರು ಹೇಳಿದರೆ ನಮ್ಮ ಓಣಿಯಲ್ಲಿ ಗುರುತು ಹತ್ತುವುದು ತಡ. ಶಾವಿಗಿ ಆಯಿ ಅಂದರೆ ಸಾಕು. ಈಗ ಶಾವಿಗೆ ಅಂದರೆ ಪಾಕೀಟಿನದು. ಆಗ ಹಾಗಲ್ಲ. ಆಳುದ್ದದ ಹಲಗೆ, ಅದರ ಮೈತುಂಬ ಉದ್ದಕ್ಕೂ ಕೂದಲಿನಂಥ ಗೀರುಗಳು. ಅದನ್ನು ಹಗ್ಗ ಹೆಣೆದ ಹೊರಸಿಗೆ ಆನಿಸಿ ಓರೆಯಾಗಿ ಇಟ್ಟು, ಮೇಲಿನ ತುದಿಯಲ್ಲಿ ಒಬ್ಬರು ಕೂತು, ನೆನೆದ ಗೋದಿಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಗೀರಿನ ಮೇಲೆ ಉಜ್ಜುತ್ತ ಬಂದರೆ ಕೆಳಗಿನ ತುದಿಯಲ್ಲಿ ದಾರದಂಥ ಎಳೆ ಇಳಿಯುತ್ತದೆ. ಕೆಳಗೆ ಇನ್ನೊಬ್ಬರು ಕೋಲಿನ ಮೇಲೆ ಅದನ್ನು ಹಿಡಿದು ಬಿಸಿಲಿಗೆ ಹಾಕುವುದು. ಮದುವೆಯ ಮನೆಗಳಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಮಾಡುವ ಮೊದಲ ಕೆಲಸ ಇದೇ. ಅದರಲ್ಲಿ ಮೊದಲ ಎಳೆ ತೆಗೆಯುವ ಕೈ ಒಂದಿರುತ್ತದೆ. ಆ ಎಳೆ ತುಂಡಾಗದೆ ನೆಲ ಮುಟ್ಟಿದರೆ ಎಲ್ಲರ ಮುಖ ಅರಳುತ್ತದೆ, ಆಮೇಲೆ ಹಾಡು, ಚಹಾ, ಚಾಡಿ.

ಗಂಡ ತೀರಿಹೋದ ಹೆಂಗಸು ಮೊದಲ ಎಳೆ ತೆಗೆಯಬಾರದು ಅಂತ ಒಂದಿಬ್ಬರು ಮುದುಕಿಯರು ಗೊಣಗಿದ್ದುಂಟಂತೆ. ಆದರೆ ಅತ್ತೆಯವರ ಎಳೆ ನೆಲ ಮುಟ್ಟಿ ಇನ್ನೂ ಅರ್ಧ ಸುತ್ತು ಸುತ್ತಿಕೊಳ್ಳುತ್ತಿತ್ತು. ಅದನ್ನು ನೋಡಿದ ಮೇಲೆ ಗೊಣಗಿದವರೇ ತಮ್ಮ ಮೊಮ್ಮಕ್ಕಳ ಮದುವೆಗೆ ಬಂದು ಕರೆದರು. ಮಾವನವರು ತೀರಿಕೊಂಡ ವರ್ಷ ಮನೆಯಿಂದ ಹೊರಗೆ ಬಾರದೆ ಕೂತಿದ್ದ ಅತ್ತೆಯವರನ್ನು ಎಬ್ಬಿಸಿ ಕರೆದುಕೊಂಡು ಹೋದದ್ದು ಈ ಹಲಗೆಯೇ. ಅದನ್ನು ಹೆಗಲ ಮೇಲೆ ಹೊತ್ತು ಮುಂದೆ ನಾನು, ಬರಿಗೈಯಲ್ಲಿ ಹಿಂದೆ ಅವರು. ಅರಸರ ಪಲ್ಲಕ್ಕಿಯಾದರೂ ಅಷ್ಟು ಗತ್ತಿನಿಂದ ಹೋಗಿರಲಿಕ್ಕಿಲ್ಲ.

ಕೆಲವು ಬೇಸಿಗೆಯ ಹಿಂದೆ ಎದುರು ಮನೆಯ ಶಕುಂತಲಾ ಬಾಯಿಯ ಮಗಳ ಮದುವೆ. ಅತ್ತೆಯವರು ಮೊದಲ ಎಳೆಗೆ ಕೂತರು. ಅರ್ಧಕ್ಕೆ ತುಂಡಾಯಿತು. ನಕ್ಕು ಮತ್ತೆ ಹಚ್ಚಿದರು. ಮತ್ತೆ ತುಂಡಾಯಿತು. ಹೆಂಗಸರೆಲ್ಲ ಬೇರೆ ಕಡೆ ನೋಡುತ್ತ ಉಂಡೆ ನಾದತೊಡಗಿದರು. ಅದೇ ಅವರಿಗೆ ಜಾಸ್ತಿ ನಾಟಿತು. ಶಕುಂತಲಾ ಬಾಯಿ ಮೆಲ್ಲಗೆ, "ಇರ್ಲಿ ಬಿಡ್ರಿ ಆಯಿ, ಮಷಿನ್ ಶ್ಯಾವಿಗಿ ತರಸ್ತೀನಿ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತೆಯವರು ಮನೆಗೆ ಬಂದು, ಕೈಕಾಲು ತೊಳೆದು, ಗೋಡೆಗೆ ಒರಗಿ ಹೇಳಿದ್ದು ಇಷ್ಟೇ:

"ಮಾನಂದಾ, ನನ್ನ ಕೈ ಹೋದೂವವ್ವಾ."

ಆಮೇಲೆ ಯಾರ ಮನೆಯ ಶಾವಿಗೆಗೂ ಹೋಗಲಿಲ್ಲ. ರೊಟ್ಟಿ ಬಡಿಯಲು ಬರುವುದನ್ನೂ ಬಿಟ್ಟರು. ಹೂಬತ್ತಿ ಹೊಸೆಯುವುದನ್ನೂ ಬಿಟ್ಟರು. ಊಟ ಆದ ಮೇಲೆ ತಟ್ಟೆ ಎತ್ತಲು ಬಂದು, ಬಿದ್ದೀತು ಅಂತ ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮುಷ್ಟಿ ಹಿಡಿಸಿ, ಬಿಡಿಸಿ, ಏನೂ ಆಗಿಲ್ಲ ಅಂದರು. ಡಾಕ್ಟರಿಗೆ ಶಾವಿಗೆ ಏನು ಗೊತ್ತು ಅಂದರು ಅತ್ತೆಯವರು.

ಒಂದು ದಿನ ಅಟ್ಟದ ಧೂಳು ಹೊಡೆಯುವಾಗ ಆ ಹಲಗೆಯ ಮೇಲೆ ಕೈಯಾಡಿಸಿದೆ. ಅಂಗೈ ಸೊರ್ರನೆ ಜಾರಿತು. ಗೀರೇ ಇಲ್ಲ. ನಡುವೆ ಎಮ್ಮೆಯ ಬೆನ್ನಿನ ಹಾಗೆ ತಗ್ಗು. ಅವರ ಅತ್ತೆ, ಆ ಅತ್ತೆಯ ಅತ್ತೆ ಉಜ್ಜಿದ ಹಲಗೆ, ಎಷ್ಟು ದಿನ ತಡೆದೀತು? ಕೆಳಗಿಳಿದು ಹೇಳಿದೆ, ಅತ್ತಿ, ಕೈ ಅಲ್ಲ, ಹಲಗಿ ಸವದದ ಅಂತ. ಅವರು ನನ್ನನ್ನು ಸಣ್ಣ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಹಲಗಿಗ್ಯಾನ ಆಗ್ತದ? ಅದು ಕಟ್ಟಿಗಿ. ಸವೆಯೋದು ಮನಷ್ಯಾ" ಅಂದರು.

ನಾನು ಕಟ್ಟಿಗೆ ಅಡ್ಡೆಯವನ ಮಗಳು, ಆ ಮಾತು ಹೇಗೆ ಒಪ್ಪಲಿ? ಹುಮನಾಬಾದಿನಲ್ಲಿ ನಮ್ಮಪ್ಪ ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ದಿಮ್ಮಿ ಅಳೆಯುತ್ತಿದ್ದ. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ, ಅಲ್ಲಿಂದ ಹೊಟ್ಟು ತರುವುದು. ಹೊಟ್ಟಿನ ಒಲೆ ಈಗ ಯಾರೂ ನೋಡಿರಲಿಕ್ಕಿಲ್ಲ. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿಯನ್ನು ತಿರುವಿ ತಿರುವಿ ಮೇಲೆ ಎಳೆದರೆ ನಡುವೆ ಒಂದು ಬಾವಿ ಉಳಿಯುತ್ತದೆ. ಕೆಳಗಿನ ತೂತಿನಿಂದ ಕಿಡಿ ತಾಗಿಸಿದರೆ ಇಡೀ ಅಡುಗೆ ಆಗುತ್ತದೆ. ಬಾಟಲಿ ಎಳೆಯುವ ಕೆಲಸ ನನ್ನದೇ, ತಮ್ಮ ಎಳೆದರೆ ಬಾವಿ ಕುಸಿಯುತ್ತಿತ್ತು. ಇದನ್ನು ನಾನು ಈಗಲೂ ಅವನಿಗೆ ವರ್ಷಕ್ಕೊಮ್ಮೆಯಾದರೂ ನೆನಪು ಮಾಡಿಕೊಡುತ್ತೇನೆ. ಸಾಗವಾನಿಯ ಹೊಟ್ಟು ಉರಿದರೆ ಒಂದು ವಾಸನೆ, ಬೇವಿನದು ಉರಿದರೆ ಇನ್ನೊಂದು. ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅಪ್ಪ ಅದನ್ನು ಅಡ್ಡೆಯ ಮಂದಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಮನುಷ್ಯನಿಗೆ ಇದ್ದ ಜಂಬ ಅದೊಂದೇ.

ಸರಿ, ಹೊಸ ಹಲಗೆ ಆಗಬೇಕು ಅಂತ ಠರಾವು ಮಾಡಿದೆ. ಪೇಟೆಯ ಮೌಲಾಸಾಬ ಮಿಸ್ತ್ರಿಯನ್ನು ಕೇಳಿದೆ. ಅವರು ಹಳೆ ಹಲಗೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಇಂಥ ಗೀರು ಕೈಯಿಂದ ಕೊರೆಯುವವರು ಹೋದರು, ನಾನು ಕೂತರೆ ಅಲಮಾರಿಯ ಕೆಲಸ ನಿಲ್ಲುತ್ತದೆ ಅಕ್ಕಾ ಅಂತ ಪ್ರಾಮಾಣಿಕವಾಗಿ ಹೇಳಿ ಚಹಾ ಕುಡಿಸಿ ಕಳಿಸಿದರು.

ಹುಮನಾಬಾದಿಗೆ ಹೋಗಿ ತಮ್ಮನ ಮನೆಯಿಂದ ಅಪ್ಪನ ಕಾಲದ ಒಂದು ಸಾಗವಾನಿ ಹಲಗೆ ಎತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಹಲಗೆಯನ್ನೂ ನನ್ನನ್ನೂ ಒಮ್ಮೆ ಅಳೆದು ನೋಡಿ, "ಅಕ್ಕೋರ, ಇದಕ್ಕ ಫುಲ್ ಟಿಕೀಟು, ನಿಮಗ ಹಾಫು. ಉದ್ದ ನೋಡಿ ಕೊಡಾಕತ್ತೇನಿ" ಅಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ರಾಜೇಶ್ವರದಲ್ಲಿ ಒಬ್ಬ ಆಯಿ ಹತ್ತಿ ನನ್ನ ಪಕ್ಕ ಕೂತು, ಏನೂ ಕೇಳದೆ ಹಲಗೆಯ ಮೇಲೆ ಅಂಗೈ ಎಳೆದಳು.

"ಶ್ಯಾವಿಗಿಗೇನವ್ವಾ?"

"ಹೌದ್ರಿ ಆಯಿ."

"ಗೀರು ಯಾರ ಹಾಕ್ತಾರ? ನಮ್ಮೂರಾಗಂತೂ ಯಾರೂ ಉಳದಿಲ್ಲ."

"ನಾನೇ ಹಾಕ್ತೀನ್ರಿ" ಅಂದುಬಿಟ್ಟೆ.

ಅಲ್ಲಿಯ ತನಕ ಆ ಮಾತು ನನ್ನ ತಲೆಯಲ್ಲೂ ಇರಲಿಲ್ಲ. ಬಸ್ಸಿನಲ್ಲಿ ಇಷ್ಟು ಮಂದಿ ಕೇಳಿಸಿಕೊಂಡ ಮೇಲೆ ವಾಪಸು ತೆಗೆದುಕೊಳ್ಳುವುದು ಹೇಗೆ?

ಮಂಚದ ಕೆಳಗಿನ ಗೋಣಿ ಬಿಚ್ಚಿದೆ. ಒಂದು ಚೂರು ಕಟ್ಟಿಗೆಯ ಮೇಲೆ ಮಷಿನ್ನು ಹಿಡಿದು ಗೀರು ಹಾಕಿ ನೋಡಿದೆ. ಒಂದು ಗೀರು ಹುಮನಾಬಾದಿಗೆ ಹೋದರೆ ಇನ್ನೊಂದು ಮುಡಬಿಗೆ ಹೋಯಿತು. ಕೈ ನಡುಗಿದಷ್ಟೂ ಅಲಗು ಅಲೆಯುತ್ತದೆ. ಚಹಾ ಕಾಯಿಸುತ್ತ ಯೋಚನೆ ಮಾಡಿದೆ. ಅಪ್ಪನ ಅಡ್ಡೆಯಲ್ಲಿ ಯಾರಾದರೂ ಗರಗಸ ಹಿಡಿದುಕೊಂಡು ದಿಮ್ಮಿಯ ಮೇಲೆ ಓಡಾಡುತ್ತಿದ್ದರೇ? ಇಲ್ಲ. ಗರಗಸ ನಿಂತಲ್ಲೇ ನಿಂತಿರುತ್ತಿತ್ತು, ದಿಮ್ಮಿಯೇ ಅದರ ಹತ್ತಿರ ಬರುತ್ತಿತ್ತು. ಹಾಗಾದರೆ ಈ ಮಷಿನ್ನನ್ನು ಉಲ್ಟಾ ಮಾಡಿ ಒಂದು ಮೇಜಿನ ಕೆಳಗೆ ಕಟ್ಟಿ, ಅಲಗು ಮಾತ್ರ ಮೇಲೆ ಇಣುಕುವ ಹಾಗೆ ಮಾಡಿದರೆ? ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತು, ಆದರೆ ದಾರಿ ಸಿಕ್ಕಿತು.

ಮೇಜು ಅಂದರೆ ನಮ್ಮ ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಬಾಗಿಲ ಒಂದು ಪಡಿ, ಅಂದರೆ ಒಂಟಿ ಕದ. ಎರಡು ಕಾಳಿನ ಡ್ರಮ್ಮಿನ ಮೇಲೆ ಅದನ್ನು ಅಡ್ಡ ಮಲಗಿಸಿದೆ, ಅಲುಗಾಡದಂತೆ ನಾಲ್ಕೂ ಕಡೆ ಹಗ್ಗ ಬಿಗಿದೆ. ನಡುವೆ ಅಲಗಿಗೆ ಒಂದು ಸೀಳು. ಮಷಿನ್ನಿನ ಅಡಿಯ ತಗಡಿಗೆ ತೂತು ಹೊಡೆದು, ತಲೆಕೆಳಗಾಗಿ ಪಡಿಗೆ ನಟ್ಟು ಬೋಲ್ಟು ಹಾಕಿದೆ. ಅಂಗಡಿಯಿಂದ ಫೋಟೋ ಕಟ್ಟಿನ ಒಂದು ನೆಟ್ಟನೆಯ ಪಟ್ಟಿ ತರಿಸಿ ಅಲಗಿನ ಪಕ್ಕಕ್ಕೆ ನಿಲ್ಲಿಸಿದೆ. ಹಲಗೆ ಅದಕ್ಕೆ ತಾಗಿಕೊಂಡೇ ಸಾಗಬೇಕು, ಆಗ ಗೀರು ಡೊಂಕಾಗುವುದಿಲ್ಲ. ಮೊದಲ ಸಲ ಅದನ್ನು ತಪ್ಪು ಬದಿಗೆ ಹಚ್ಚಿದ್ದೆ. ಮಷಿನ್ನು ಉಲ್ಟಾ ಆದರೆ ಎಡಬಲವೂ ಉಲ್ಟಾ ಆಗುತ್ತದೆ ಅಂತ ಹೊಳೆಯಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. ಇನ್ನು ಹಿಡಿಕೆಯ ಸ್ವಿಚ್ಚು. ಒತ್ತಿ ಹಿಡಿದರೆ ಮಾತ್ರ ತಿರುಗುವಂಥದ್ದು. ಕೆಳಗೆ ಕೈ ಹಾಕಿ ಒತ್ತುವವರು ಯಾರು? ಅದಕ್ಕೇ ಲಾಡಿ. ಸ್ವಿಚ್ಚನ್ನು ಒತ್ತಿ ಲಾಡಿಯಿಂದ ಬಿಗಿದು, ಹಾಕುವುದು ಆರಿಸುವುದು ಗೋಡೆಯ ಬಟನ್ನಿನಿಂದ ಅಂತ ಮಾಡಿದೆ. ಗೋಡೆಯ ಬಟನ್ನಿಗೆ ನಮ್ಮನೆಯವರು ಕಾವಲು.

"ನನಗ ಮತ್ತೇನೂ ಕೆಲಸ ಇಲ್ಲೇನು?" ಅಂದರು.

"ಇದೇ ದೊಡ್ಡ ಕೆಲಸರಿ" ಅಂದೆ.

ಅಷ್ಟಕ್ಕೇ ಅವರು ಬಟನ್ನಿನ ಪಕ್ಕ ಎದೆ ಉಬ್ಬಿಸಿ ನಿಂತರು. ಅತ್ತೆಯವರು ಹೊರಸಿನ ಮೇಲೆ ಕೂತು ನೋಡುತ್ತಿದ್ದರು. ಏನು ಮಾಡಾಕತ್ತೀ ಅಂತ ಒಮ್ಮೆಯೂ ಕೇಳಲಿಲ್ಲ. ಹಲಗೆ ಯಾಕೆ ಬಂದಿದೆ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದೆ ಅಂತ ತೋರಿಸಿಕೊಳ್ಳಲು ಮನಸ್ಸಿರಲಿಲ್ಲ.

ಮೊದಲು ಅಲಗನ್ನು ಪೂರ್ತಿ ಎತ್ತರಕ್ಕೆ ಏರಿಸಿ ಹಲಗೆಯ ಅಂಚು ನೆಟ್ಟಗೆ ಮಾಡುತ್ತಿದ್ದೆ. ಕೈ ಹತ್ತಿರ ಒಯ್ಯದೆ ಲಟ್ಟಣಿಗೆಯಿಂದ ನೂಕುತ್ತಿದ್ದೆ. ನಡುವೆ ಕರೆಂಟು ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಹೋಯಿತು ಅಂದರೆ ಅದು ಚಹಾದ ಹೊತ್ತು. ಹಲಗೆ ತೆಗೆದಿಟ್ಟು, ಅಲಗಿನ ಮೇಲೆ ದಪ್ಪ ಗೋಣಿತಾಟು ಮುಚ್ಚಿ ಒಳಗೆ ಹೋದೆ. ಕಾವಲಿನವರೂ ನನ್ನ ಹಿಂದೆಯೇ ಬಂದರು. ಅಂಗಳದಲ್ಲಿ ಅಷ್ಟು ಅಗಲದ ಮೇಜು ಖಾಲಿ ಕಂಡ ಅತ್ತೆಯವರು ತೊಗರಿಬೇಳೆ ಆರಿಸುವ ಮೊರ ತಂದು ಗೋಣಿಯ ಮೇಲೆ ಇಟ್ಟು, ಕನ್ನಡಕ ತರಲು ತಿರುಗಿದರು. ಅವರು ತಿರುಗಿದ್ದೂ ಕರೆಂಟು ಬಂದದ್ದೂ ಒಂದೇ.

ಬಟನ್ನು ಆರಿಸಿರಲಿಲ್ಲ. ಲಾಡಿ ಬಿಗಿಯಾಗೇ ಇತ್ತು. ಗೋಣಿಯನ್ನು ಒಳಗೆಳೆದುಕೊಂಡ ಮಷಿನ್ನು ಒಂದು ಸಲ ಹೂಂಕರಿಸಿ ಮೊರವನ್ನು ಆಕಾಶಕ್ಕೆ ಎಸೆಯಿತು. ಅಂಗಳದ ತುಂಬ ತೊಗರಿಬೇಳೆಯ ಮಳೆ. ಮನೆಯವರು ಓಡಿಬಂದು ಮೊದಲು ಪಂಖದ ಬಟನ್ನು ಆರಿಸಿದರು, ಆಮೇಲೆ ದೀಪದ್ದು, ಕೊನೆಗೆ ಬೇಕಾದ್ದು. ನಾನು ಅವರ ಹಿಂದೆಯೇ ಓಡಿಬಂದೆ. ಅತ್ತೆಯವರ ಎರಡೂ ಕೈ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದೆ, ಬೆರಳು ಬೆರಳೂ ಮುಟ್ಟಿದೆ. ಅವರು ತಲೆಯ ಮೇಲಿನ ಬೇಳೆ ಕೊಡವಿಕೊಳ್ಳುತ್ತ ಹೇಳಿದರು:

"ನನ ಮ್ಯಾಲ ಸಿಟ್ಟಿದ್ರ ಬಾಯಿಲೆ ಅಂದು ಮುಗಸವ್ವಾ. ಬ್ಯಾಳಿ ಯಾಕ ಹಾಳ ಮಾಡ್ತಿ."

ಆ ಸಂಜೆ ಅಂಗಳದಿಂದ ಬೇಳೆ ಆರಿಸುತ್ತ ಒಂದು ಕಾನೂನು ಮಾಡಿದೆ. ಕರೆಂಟು ಇರಲಿ ಹೋಗಲಿ, ಕೈ ತೆಗೆದ ಕೂಡಲೇ ಪ್ಲಗ್ಗೇ ಕಿತ್ತು ಕಾವಲಿನವರ ಕೈಯಲ್ಲಿ ಇರಬೇಕು. ಮುಂದೆ ಅವರು ಚಹಾ ಕುಡಿಯುವಾಗಲೂ ಒಂದು ಕೈಯಲ್ಲಿ ಪ್ಲಗ್ಗು ಹಿಡಿದಿರುತ್ತಿದ್ದರು.

ಗೀರಿನ ಕೆಲಸಕ್ಕೆ ಅಲಗನ್ನು ಇಳಿಸಿ ಇಳಿಸಿ, ಅರ್ಧ ಜೋಳದ ಕಾಳಿನಷ್ಟು ಮಾತ್ರ ಹಲ್ಲು ಮೇಲೆ ಕಾಣುವ ಹಾಗೆ ಮಾಡಿದೆ. ಇನ್ನೊಂದು ತೊಡಕು ಉಳಿದಿತ್ತು. ಗೀರು ಗೀರಿನ ನಡುವೆ ಅಂತರ ಒಂದೇ ಆಗಬೇಕು. ಅಳತೆಪಟ್ಟಿಯಲ್ಲಿ ಅಷ್ಟು ಸಣ್ಣದನ್ನು ಪ್ರತಿ ಸಲ ಹಿಡಿಯಲು ನನ್ನ ಕಣ್ಣಿಗೆ ಆಗುವುದಿಲ್ಲ. ಆಗ ಗೂಟಕ್ಕೆ ಚುಚ್ಚಿದ್ದ ಲಗ್ನಪತ್ರಿಕೆಗಳ ಗೊಂಚಲು ಕಂಡಿತು. ಮದುವೆಯ ಕಾರ್ಡನ್ನು ನಮ್ಮ ಮನೆಯಲ್ಲಿ ಎಸೆಯುವುದಿಲ್ಲ. ಎಸೆದರೆ ಆ ಸಂಸಾರಕ್ಕೆ ಒಳ್ಳೆಯದಲ್ಲ ಅಂತ ಅತ್ತೆಯವರ ನಂಬಿಕೆ. ಪಟ್ಟಿಯ ಹಿಂದೆ ಒಂದು ತುಂಡು ಕಟ್ಟಿಗೆ ಭದ್ರ ಮಾಡಿ, ಎರಡರ ನಡುವೆ ಕಾರ್ಡುಗಳನ್ನು ಒತ್ತಾಗಿ ಸೇರಿಸಿದೆ. ಒಂದು ಗೀರು ಆದ ಮೇಲೆ ಎರಡು ಕಾರ್ಡು ತೆಗೆಯುವುದು, ಪಟ್ಟಿಯನ್ನು ಹಿಂದೆ ಒತ್ತುವುದು, ಹಲಗೆ ಸಾಗಿಸುವುದು. ತೆಗೆದ ಪ್ರತಿ ಕಾರ್ಡನ್ನೂ ನಮ್ಮನೆಯವರು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆಯವರು ಹೊರಸಿನಿಂದಲೇ, ಅವರ ಮನ್ಯಾಗ ಹಿಟ್ಟು ತೆಳ್ಳಗಿತ್ತು, ಇವರ ಮನ್ಯಾಗ ತುಪ್ಪ ಚಲೋ ಇತ್ತು, ಆ ಹುಡುಗಿಗಿ ಈಗ ಎರಡು ಮಕ್ಕಳು ಅಂತ ಒಂದೊಂದೇ ಹೇಳುತ್ತ ಹೋದರು. ಹಳ್ಳಿಖೇಡದ ಒಂದು ಕಾರ್ಡು ಬಂದಾಗ, ಅವತ್ತು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಹೋಗುವುದು ತಡವಾಗಿ, ಹಿಟ್ಟು ಕಾಯುತ್ತ ಕೂತಿದ್ದ ಹೆಂಗಸರು ತಮ್ಮನ್ನು ಕಂಡು ಎದ್ದು ನಿಂತರು ಅಂತ ನೆನೆಸಿಕೊಂಡರು. ನಾನು ನೂಕುತ್ತ ಹೋದೆ. ಗೀರು ಒಂದರ ಪಕ್ಕ ಒಂದು, ನೂಲು ಹಿಡಿದ ಹಾಗೆ ಬಂದವು. ನನ್ನ ಮದುವೆಯಾದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ ಅಂತ ಹೇಳಿದರೆ ಮನೆಯವರು ಬೇಜಾರು ಮಾಡಿಕೊಂಡಾರು, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮೌಲಾಸಾಬ ಮಿಸ್ತ್ರಿ ಸುದ್ದಿ ಕೇಳಿ ಬಂದರು. ಬಗ್ಗಿ ಬಾಗಿಲ ಪಡಿಯ ಕೆಳಗೆ ನೋಡಿದರು, ಲಾಡಿ ಕಂಡು ಮರ್ಯಾದೆಗೆ ಮುಖ ತಿರುಗಿಸಿದರು. ಆಮೇಲೆ ಗೀರುಗಳ ಮೇಲೆ ಉಗುರು ಎಳೆದು, ನಂದೂ ಒಂದಿಷ್ಟು ಪಟ್ಟಿ ಕೊಯ್ಯೋದದ, ತಂದರೆ ನಡೀತದೇನು ಅಂತ ಕೇಳಿದರು. ನಡೀತದ್ರಿ ಭಾಯಿ, ಆದರ ನಿಮ್ಮ ಅಲಮಾರಿಯ ಕೆಲಸ ನಿಲ್ತದಲ್ಲ ಅಂದೆ. ಅವರು ನಕ್ಕರು. ಇಂಥ ಮಾತು ಆಡುವ ಅವಕಾಶ ನನಗೆ ಪದೇ ಪದೇ ಸಿಗುವುದಿಲ್ಲ.

ನಿನ್ನೆ ಬೆಳಗ್ಗೆ ಗೋದಿಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ, ಹಲಗೆಯನ್ನು ಹೊರಸಿಗೆ ಆನಿಸಿಟ್ಟೆ. ಕೂರ್ರಿ ಅಂತ ಅನ್ನಲಿಲ್ಲ. ಒಂದು ಉಂಡೆ ಹಿಡಿದು ನಾನೇ ಉಜ್ಜಿದೆ. ನನ್ನ ಶಾವಿಗೆ ಯಾವಾಗಲೂ ಹಾಗೇ, ಒಂದು ಕಡೆ ದಾರ, ಒಂದು ಕಡೆ ಹಗ್ಗ. ಅತ್ತೆಯವರು ಬಹಳ ಹೊತ್ತು ತಡೆದುಕೊಂಡರು. ಆಮೇಲೆ ಎದ್ದು ಬಂದು, ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. ಅಂಗೈಯನ್ನು ಹಲಗೆಯ ಮೇಲೆ ಮೇಲಿಂದ ಕೆಳಗಿನ ತನಕ ಒಮ್ಮೆ ಎಳೆದರು. ಉಂಡೆ ತೆಗೆದುಕೊಂಡರು. ಎಳೆ ಇಳಿಯಿತು, ಸಣ್ಣಗೆ, ಒಂದು ಗೇಣು, ಎರಡು ಗೇಣು, ಮತ್ತೆ ತುಂಡಾಯಿತು.

ನಾನು ಅವರ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಕಾವಲಿನವರು ಕೆಳಗಿನ ತುದಿಯಲ್ಲಿ ಖಾಲಿ ಕೋಲು ಹಿಡಿದು ನಿಂತಿದ್ದರು. ಇಷ್ಟೆಲ್ಲ ಮಾಡಿ, ಇವರ ಕೈ ಹೋಯಿತು ಅನ್ನುವುದನ್ನು ನಾನೇ ಸಾಬೀತು ಮಾಡಿದೆನಲ್ಲ ಅಂದುಕೊಂಡೆ. ಅತ್ತೆಯವರು ತುಂಡಾದ ಎಳೆ ಎತ್ತಿ ಕಣ್ಣ ಹತ್ತಿರ ಹಿಡಿದರು. ಗೀರಿನ ಮೇಲೆ ಉಗುರಿನಿಂದ ಕೆದಕಿ, ಕೂದಲಿನಂಥ ಒಂದು ಸಿಬಿರು ಕಿತ್ತು ನನ್ನ ಕಡೆಗೆ ಚಾಚಿದರು.

"ಏನ ಕಟ್ಟಿಗಿಯವ್ವಾ ಇದು? ಹಲಗಿಗಿ ಎಣ್ಣಿ ಕುಡಸಿಲ್ಲ, ಮೈ ತಿಕ್ಕಿಲ್ಲ, ಹಂಗೇ ತಂದಿಟ್ಟೀ. ಇದರ ಮ್ಯಾಲ ಯಾರ ಕೈ ನಡದೀತು?"

ನಾನು ಅದನ್ನು ಕೇಳಿಸಿಕೊಂಡು ಅಡುಗೆಮನೆಗೆ ಓಡಿದೆ. ಎಣ್ಣೆ ತರಲು ಅಂತ ಅವರು ತಿಳಿದಿರಬೇಕು. ಎಣ್ಣೆಯನ್ನೂ ತಂದೆ, ಕಣ್ಣು ಒರೆಸಿಕೊಂಡ ಮೇಲೆ. ಇಷ್ಟು ಬೇಸಿಗೆಯಲ್ಲಿ ಅತ್ತೆಯವರು ಮೊದಲ ಸಲ ಹಲಗೆಯನ್ನು ಬೈದಿದ್ದರು.

ಆಮೇಲೆ ಅದು ನನ್ನ ಹಲಗೆ ಆಗಿ ಉಳಿಯಲೇ ಇಲ್ಲ. ಔಡಲೆಣ್ಣೆ ಹಚ್ಚಿಸಿದರು, ಒರಟು ಬಟ್ಟೆಯಿಂದ ತಿಕ್ಕಿಸಿದರು, ಹಿಟ್ಟು ಉದುರಿಸಿ ಮತ್ತೆ ತಿಕ್ಕಿಸಿದರು, ಬಿಸಿಲಿಗೆ ಇಡಿಸಿದರು, ನೆರಳಿಗೆ ತರಿಸಿದರು. ನಾನೂ ಮನೆಯವರೂ ಹೇಳಿದಂತೆ ಕೇಳುತ್ತಿದ್ದೆವು. ಇವತ್ತು ಬೆಳಗ್ಗೆ ಅವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಗೆ ಕೂತರು. ಮೊದಲ ಎಳೆ ಹಲಗೆಯ ತುದಿ ದಾಟಿತು, ಕೋಲು ದಾಟಿತು, ಮನೆಯವರ ಕೈಯಿಂದ ಜಾರಿ ನೆಲ ಮುಟ್ಟಿ ಅರ್ಧ ಸುತ್ತು ಸುತ್ತಿಕೊಂಡಿತು. ಮನೆಯವರು ಅದನ್ನು ಎತ್ತಲು ಹೋದರೆ, "ಇರ್ಲಿ ಬಿಡಪಾ, ನೋಡ್ತೀನಿ" ಅಂದರು ಅತ್ತೆಯವರು.

ಕಿಟಕಿಯಿಂದ ನೋಡುತ್ತಿದ್ದ ಶಕುಂತಲಾ ಬಾಯಿ ಎರಡು ನಿಮಿಷಕ್ಕೆ ಬಾಗಿಲಲ್ಲಿ. ಮಗನ ಮದುವೆ ಗೊತ್ತಾಗಿದೆಯಂತೆ. ಅತ್ತೆಯವರ ಹತ್ತಿರ ಕೂತು, ಆಯಿ, ಮೊದಲ ಎಳಿಗಿ ನೀವೇ ಬರಬೇಕು ಅಂದಳು. ಅತ್ತೆಯವರು ಉಜ್ಜುವುದನ್ನು ನಿಲ್ಲಿಸದೆ ಹೇಳಿದರು:

"ಬರ್ತೀನಿ. ಹಿಟ್ಟು ನಾನು ಹೇಳಿದಂಗ ನಾದಬೇಕು. ಹಲಗಿ ನಮ್ಮದೇ ತರ್ತೀವಿ, ನಮ್ಮ ಸೊಸಿ ಮಾಡಿದ್ದದ."

ನಾನು ಅಡುಗೆಮನೆಯ ಕಡೆ ತಿರುಗಿ ನಿಂತೆ. ಹಿಗ್ಗಿದ ಮುಖ ಯಾರಿಗೂ ಕಾಣಬಾರದು ಅಂತ.

ಮಧ್ಯಾಹ್ನ ಉಂಡದ್ದು: ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಆಮೇಲೆ ಬಿಸಿನೀರಿನಲ್ಲಿ ಒಂದು ಕುದಿ ಬೇಯಿಸಿದ ಹಸಿ ಶಾವಿಗೆಗೆ ಬೆಲ್ಲ, ಹಾಲು, ಮೇಲೊಂದು ಚಮಚ ತುಪ್ಪ. ಮನೆಯವರು ಮೂರು ಸಲ ಹಾಕಿಸಿಕೊಂಡರು. ಉಳಿದ ಹಿಟ್ಟು ಹುಳಿಯಾದೀತು ಅಂತ ಅತ್ತೆಯವರು ಊಟ ಮಾಡಿ ಮತ್ತೆ ಹಲಗೆಗೆ ಕೂತರು, ಬೇಡ ಅಂದರೂ ಕೇಳಲಿಲ್ಲ. ಹಿಟ್ಟು ಮುಗಿದ ಮೇಲೆ ಅಲ್ಲೇ ಚಾಪೆಯ ಮೇಲೆ ಅಡ್ಡಾದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ. ಅಂಗೈಗೆ ಮೆತ್ತಿದ ಹಿಟ್ಟನ್ನೂ ತೊಳೆದಿರಲಿಲ್ಲ.